ಎದುರಂಗಡಿ ಷಡ್ಡಕ ಮತ್ತು ಮರೆತ ಪಾಸ್‌ವರ್ಡುಗಳು

ಇಂಟರ್‌ನೆಟ್ ಸೆಂಟರ್ ಇಟ್ಟವನಿಗೆ ಜನರ ಮರೆವೇ ಬಂಡವಾಳ. ಕೊಟ್ಟೂರಿನ ಬಸ್ ಸ್ಟ್ಯಾಂಡ್ ಹತ್ತಿರ ನಾನು ಮೂರು ಕಂಪ್ಯೂಟರ್ ಇಟ್ಟುಕೊಂಡು ಕೂತಿದ್ದ ಆ ವರ್ಷಗಳಲ್ಲಿ ಪಾಸ್‌ವರ್ಡ್ ಮರೆತವರು ಬಾರದ ದಿನವೇ ಇರಲಿಲ್ಲ. ನಗುವಂಥ ಪ್ರಸಂಗ ದಿನಾ ಒಂದಾದರೂ ನಡೆಯುತ್ತಿತ್ತು. ನಗಲು ಮಾತ್ರ ನನಗೆ ಆಗುತ್ತಿರಲಿಲ್ಲ. ಕಾರಣ, ಎದುರಿನ ಅಂಗಡಿ. ಅಲ್ಲಿ ನನ್ನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ, ಹರಪನಹಳ್ಳಿಯಿಂದ ಬಂದು ಇನ್ನೊಂದು ಸೆಂಟರ್ ತೆರೆದಿದ್ದ. ಊರಲ್ಲಿ ಬೇರೆ ಓಣಿಗಳಿಗೇನು ಬರ ಬಂದಿರಲಿಲ್ಲ, ಅವನಿಗೆ ನನ್ನ ಕಣ್ಣೆದುರೇ ಜಾಗ ಬೇಕಾಗಿತ್ತು. ನನಗಿಂತ ಒಂದು ಕಂಪ್ಯೂಟರ್ ಹೆಚ್ಚು, ಮೇಲೆ ತಿರುಗುವ ಕುರ್ಚಿಗಳು ಬೇರೆ. ಹೊಟ್ಟೆ ಉರಿಯಿತು. ಅದರಲ್ಲಿ ಮುಚ್ಚಿಡುವಂಥದ್ದೇನಿದೆ?

ಗುರುತು ಹಿಡಿಯುವ ಮಷೀನು

ತೆಲಿಗಿಯ ಮಾಸ್ತರರೊಬ್ಬರು ನನ್ನ ಕಾಯಂ ಗಿರಾಕಿ. ಇದ್ದಕ್ಕಿದ್ದಂತೆ ಎದುರಂಗಡಿ ಹತ್ತತೊಡಗಿದರು. ಒಂದು ದಿನ ರಸ್ತೆಯಲ್ಲೇ ತಡೆದು ಕೇಳಿದೆ.

“ಏನ್ರಿ ಮಾಸ್ತರ್ರ, ಈ ಕಡಿ ದಾರಿ ಮರತ್ರೇನು?”

“ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮ್ಮ ಕಂಪ್ಯೂಟರ್‌ದು ಬಾಳ ಬಿಗುಮಾನ. ಹೋದಾಗೆಲ್ಲ ನೀ ಯಾರು, ನಿನ್ನ ಪಾಸ್‌ವರ್ಡ್ ಏನು ಅಂತ ಕೇಳತೈತಿ. ಅಲ್ಲಿದು ಹಂಗಲ್ಲ. ಹೆಸರಿನ ಮೊದಲ್ನೇ ಅಕ್ಷರ ಒತ್ತಿದ್ರ ಸಾಕು, ಗುರ್ತು ಹಿಡದು ಒಳಗ ಕರೀತೈತಿ.”

ನನಗೆ ಅರ್ಥವಾಯಿತು. ಪಾಸ್‌ವರ್ಡ್ ನೆನಪಿಟ್ಟುಕೊಳ್ಳಲೇ ಎಂದು ಕಂಪ್ಯೂಟರ್ ಕೇಳಿದಾಗಲೆಲ್ಲ ಅಲ್ಲಿನ ಗಿರಾಕಿಗಳು ಹೂಂ ಎಂದು ಒತ್ತುತ್ತಿದ್ದರು, ನನ್ನ ಷಡ್ಡಕ ಸುಮ್ಮನಿರುತ್ತಿದ್ದ. ನಾನಾದರೋ ಯಾರಿಗೂ ಹಾಗೆ ಒತ್ತಲು ಬಿಡುತ್ತಿರಲಿಲ್ಲ. ನಾಲ್ಕು ಜನ ಕೂರುವ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಬಿಟ್ಟು ಹೋಗುವುದೆಂದರೆ ಬೀಗದ ಕೈಯನ್ನು ಬೀಗಕ್ಕೇ ಸಿಕ್ಕಿಸಿ ಊರಿಗೆ ಹೋದಂತೆ. ಅದನ್ನೇ ಮಾಸ್ತರರಿಗೆ ಹೇಳಿದೆ.

“ಯಾರ ಬೇಕಾದ್ರೂ ನಿಮ್ಮ ಪತ್ರ ಓದಬೌದ್ರಿ!”

“ಓದ್ಲಿ ಬಿಡ್ರಿ. ಬರೋವೆಲ್ಲ ಇಂಗ್ಲಿಷ್‌ನ್ಯಾಗ ಇರ್ತಾವು. ಓದಿದೋರು ಹಂಗ ನನಗೂ ಏನೈತಿ ಅಂತ ಹೇಳಿದ್ರ ಪುಣ್ಯ ಬರತೈತಿ.”

ಇದರಿಂದ ಇನ್ನೊಂದು ಚಂದ ಶುರುವಾಯಿತು. ಒಬ್ಬೊಬ್ಬರನ್ನು ಒಂದೊಂದೇ ಮಷೀನು ಗುರುತು ಹಿಡಿಯುವುದರಿಂದ, ಪಕ್ಕದ ಮಷೀನು ಖಾಲಿ ಇದ್ದರೂ ಜನ ತಮ್ಮದಕ್ಕಾಗಿ ಹೊರಗೆ ಕಾಯುತ್ತಿದ್ದರು. ನೋಡುವವರಿಗೆ ಅಲ್ಲಿ ಜಾತ್ರೆ, ಇಲ್ಲಿ ನೊಣ. ಒಂದು ಸಂಜೆ ಆ ಗುಂಪಿನಿಂದ ಈಚೆ ಬಂದವಳನ್ನು ನೋಡಿದರೆ ನನ್ನ ಹೆಂಡತಿ!

“ನಮ್ದ ಸೆಂಟರ್ ಇಟಗೊಂಡು ಅಲ್ಲಿಗೆ ಯಾಕ ಹೋಗಿದ್ದಿ?” ಎಂದು ರೇಗಿದೆ.

“ಆ ಮಷೀನು ನನ್ನ ಕೂಡ್ಲೇ ಗುರ್ತು ಹಿಡೀತೈತ್ರಿ. ನಿಮಗ ಮೂರು ಸಲ ಕೂಗಿದ್ರೂ ಯಾರು ಅಂತೀರಿ.”

ಮನೆ ದೇವರು

ನಮ್ಮ ಕಡೆ ಲಾರಿ ತರಲಿ, ಕಿರಾಣಿ ಅಂಗಡಿ ತೆರೆಯಲಿ, ಮನೆ ದೇವರ ಹೆಸರಿಡುವುದು ರೂಢಿ. ಪಾಸ್‌ವರ್ಡಿಗೂ ಅದೇ. ಮರೆತೆ ಎಂದು ಯಾರೇ ಬರಲಿ, ನಾನು ಕೇಳುತ್ತಿದ್ದದ್ದು ಒಂದೇ ಮಾತು: “ಮನಿ ದೇವರು ಯಾವುದ್ರಿ?” ಅರ್ಧಕ್ಕರ್ಧ ಖಾತೆಗಳು ಅಷ್ಟಕ್ಕೇ ತೆರೆದುಕೊಳ್ಳುತ್ತಿದ್ದವು. ಈ ಉಪಾಯ ಕಂಡುಹಿಡಿದವನು ನಾನು. ಅದನ್ನು ನೋಡಿ ಕಲಿತು ಹೆಸರು ಮಾಡಿದವನು ಷಡ್ಡಕ. ‘ದೇವರ ಹೆಸರು ಕೇಳಿ ಬೀಗ ತೆಗೀತಾನ’ ಎಂದು ಹೂವಿನಹಡಗಲಿಯವರೆಗೂ ಸುದ್ದಿಯಾಗಿತ್ತು.

ಇಟ್ಟಿಗಿಯ ಯಜಮಾನರೊಬ್ಬರು ನನ್ನಲ್ಲಿಗೆ ಬಂದರು. ಹಳೆಯ ಪಾಸ್‌ವರ್ಡ್ ನೆನಪಿದೆ, ಆದರೆ ಅದನ್ನು ಬದಲಿಸದೆ ಒಳಗೆ ಬಿಡುವುದಿಲ್ಲ ಎಂದು ಮೇಲ್ ಹಟ ಹಿಡಿದಿತ್ತು.

“ಹೊಸಾದೊಂದು ಹೇಳ್ರಿ ಯಜಮಾನ್ರ” ಎಂದೆ.

“ಮನಿ ದೇವರ್ನ ಬದ್ಲಿ ಮಾಡು ಅಂತೀಯೇನೋ? ನಮ್ಮಪ್ಪ ಮಾಡ್ಲಿಲ್ಲ, ನಮ್ಮಜ್ಜ ಮಾಡ್ಲಿಲ್ಲ.”

“ನಿಮ್ಮ ಮನಿಯೋರ ತವರಿನ ದೇವರ್ನ ಹಾಕೋಣೇನ್ರಿ?”

“ಮನ್ಯಾಗ ಆಕಿ ಮಾತ ನಡಿಯೂದು ಸಾಲದಂತ ಇಲ್ಲೂ ಆಕಿ ದೇವರ್ನ ಕೂಡ್ರಿಸಲೇನು?”

ಸಿಟ್ಟಾಗಿ ಎದ್ದು ಎದುರಂಗಡಿಗೆ ಹೋದರು. ಸ್ವಲ್ಪ ಹೊತ್ತಿಗೇ ಮುಖ ಅರಳಿಸಿಕೊಂಡು ವಾಪಸು ಬಂದರು, ನನಗೆ ಹೇಳಿ ಹೋಗಲೆಂದೇ. ನನ್ನ ಷಡ್ಡಕ ದೇವರ ಹೆಸರಿನ ಮುಂದೆ ಒಂದು ಎಂಬ ಅಂಕಿ ಸೇರಿಸಿ, ದೇವರು ಅದೇ ಇದ್ದಾನೆ, ಒಬ್ಬನೇ ಅಂತ ಬರೆದಿದ್ದೇವೆ ಅಷ್ಟೆ ಎಂದಿದ್ದನಂತೆ.

“ನೀನೂ ಕಲಿ ಮಾರಾಯ” ಎಂದರು ಯಜಮಾನರು. “ನಿನಗ ಬರೇ ಕಂಪ್ಯೂಟರ್ ಗೊತ್ತೈತಿ. ಆವ ಧರ್ಮ ತಿಳದಾವ.”

ಮೊದಲು ಸಾಕಿದ ಪ್ರಾಣಿ

ಹೊಸಹಳ್ಳಿ ಕಡೆಯ ಕುರಿ ಸಾಕುವ ಮನೆಯ ಹುಡುಗ, ನೌಕರಿ ಪರೀಕ್ಷೆಗೆ ಅರ್ಜಿ ಹಾಕಿದ್ದವನು, ಅಪ್ಪನ ಜೊತೆ ಬಂದ. ಪಾಸ್‌ವರ್ಡ್ ಮರೆತಿತ್ತು. ಗುರುತಿಗೆ ಕೇಳುವ ಪ್ರಶ್ನೆ: ‘ನೀವು ಮೊದಲು ಸಾಕಿದ ಪ್ರಾಣಿಯ ಹೆಸರೇನು?’ ಏನು ಉತ್ತರ ಕೊಟ್ಟಿದ್ದನೋ ಹುಡುಗನಿಗೇ ನೆನಪಿಲ್ಲ. ನಾನು ನಾಯಿಯ ಹೆಸರು ಕೇಳಿದೆ, ಹಾಕಿದೆ, ಆಗಲಿಲ್ಲ. ಹೋತದ ಹೆಸರು, ದೇವರಿಗೆ ಬಿಟ್ಟ ಟಗರಿನ ಹೆಸರು, ಸಂತೆಯಲ್ಲಿ ಮಾರಿದ ಎಮ್ಮೆಯ ಹೆಸರು ಎಲ್ಲ ಆಯಿತು. ಅಪ್ಪ ಮಗ ರಸ್ತೆ ದಾಟಿದರು. ನಾನು ನೋಡುತ್ತಿದ್ದಂತೆಯೇ ಆ ಕಡೆ ಸಂಭ್ರಮ.

ಹೋಗುವಾಗ ಅಪ್ಪ ನನ್ನ ಬಾಗಿಲಲ್ಲಿ ನಿಂತು ಹೇಳಿದ: “ಆತ್ರಿ. ‘ಕುರಿ’ ಅಂತ ಹಾಕ್ಯಾನ ನಮ್ಮ ಹುಡುಗ. ನೀವು ನಮ್ಮ ಹಟ್ಟಿಯಾಗಿದ್ದ ಎಲ್ಲಾ ಕೇಳಿದ್ರಿ, ನಾವು ಕಾಯೂದೊಂದು ಬಿಟ್ರಿ.”

ಊರಿಗೇ ಗೊತ್ತಿದ್ದ ಉತ್ತರ

ಕಂಪ್ಯೂಟರ್ ತರಬೇತಿ ಕೊಡುವ ಒಂದು ಸಂಸ್ಥೆ ಕೊಟ್ಟೂರಿನಲ್ಲಿ ಒಂದೇ ಒಂದು ಶಾಖೆ ಕೊಡುವುದಿತ್ತು. ನಾನು ಅರ್ಜಿ ಹಾಕಿದ್ದೆ. ಅದು ಸಿಕ್ಕರೆ ಖಾಲಿ ಕೂತ ನನ್ನ ಮೂರು ಕಂಪ್ಯೂಟರಿಗೂ ಕೆಲಸ, ಇಲ್ಲದಿದ್ದರೆ ಅಂಗಡಿ ಮುಚ್ಚುವುದೇ. ಒಂದು ಮಧ್ಯಾಹ್ನ ಅವರಿಂದ ಮೊಬೈಲಿಗೆ ಫೋನು ಬಂತು: “ಮೇಲ್ ಕಳಿಸಿದ್ದೇವೆ. ಐದು ಗಂಟೆಯೊಳಗೆ ಒಪ್ಪಿಗೆ ಬರದಿದ್ದರೆ ನಿಮ್ಮ ನಂತರದವರಿಗೆ ಕೊಡುತ್ತೇವೆ.” ನಂತರದವರು ಯಾರು ಎಂದೆ. ನಿಮ್ಮ ಎದುರಿನ ಅಂಗಡಿಯವರೇ ಎಂದರು.

ಅವತ್ತೇ ಚರಂಡಿ ತೋಡುವವರು ನನ್ನ ಬದಿಯ ಟೆಲಿಫೋನ್ ತಂತಿ ಕಡಿದು ಹಾಕಿದ್ದರು. ಅವನ ಬದಿ ನೆಟ್ಟಗಿತ್ತು. ಗುದ್ದಲಿಗೂ ಅವನ ಮೇಲೆಯೇ ಪ್ರೀತಿ. ಊರಲ್ಲಿ ಮೂರನೆಯ ಸೆಂಟರ್ ಇರಲಿಲ್ಲ. ವಿಧಿಯಿಲ್ಲದೆ ರಸ್ತೆ ದಾಟಿದೆ.

“ಬರ್ರಿ ಅಣ್ಣಾ, ಕುತ್ಕಳ್ರಿ” ಎಂದು ಷಡ್ಡಕ ತನ್ನ ಕುರ್ಚಿಯನ್ನೇ ಕೊಟ್ಟ. ಕೂತರೆ ಎಷ್ಟು ಮೆತ್ತಗಿತ್ತು ಅಂತೀರಿ! ಅದಕ್ಕೂ ಹೊಟ್ಟೆ ಉರಿಯಿತು.

ಮೇಲ್ ತೆರೆಯಲು ಹೋದರೆ ಪಾಸ್‌ವರ್ಡ್ ಕೇಳಿತು. ಅದು ನನ್ನ ಅಂಗಡಿಯ ಕಂಪ್ಯೂಟರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಗಿರಾಕಿಗಳಿಗೆ ಬೇಡ ಎಂದದ್ದನ್ನು ನನ್ನ ಖಾತೆಗೆ ನಾನೇ ಮಾಡಿಕೊಂಡಿದ್ದೆ. ಮನೆ ದೇವರನ್ನು ಹಾಕಿ ನೋಡಿದೆ, ಒಲಿಯಲಿಲ್ಲ. ಷಡ್ಡಕ ಕೀಬೋರ್ಡು ತನ್ನ ಕಡೆ ಎಳೆದುಕೊಂಡ. “ಪಾಸ್‌ವರ್ಡ್ ಮರೆತಿದ್ದೀರಾ” ಎಂಬುದನ್ನು ಒತ್ತಿ, ಬಂದ ಪ್ರಶ್ನೆಯನ್ನು ಎಲ್ಲರಿಗೂ ಕೇಳುವಂತೆ ಓದಿದ.

“‘ಊರಾಗ ಅಗದಿ ಹೊಟ್ಟಿಕಿಚ್ಚಿನ ಮನುಷ್ಯಾ ಯಾರು?’ ಅಂತ ಐತಣ್ಣಾ. ಏನ್ ಹಾಕ್ಲಿ?”

ಆಗ ನೆನಪಾಯಿತು. ನಾನು ಆ ಖಾತೆ ಮಾಡಿದ್ದು ಇವನು ಅಂಗಡಿ ತೆರೆದ ಹೊಸತರಲ್ಲಿ. ಪ್ರಶ್ನೆ ನೀವೇ ಬರೆಯಬಹುದು ಎಂದಿತ್ತು. ಸಿಟ್ಟಿನಲ್ಲಿ ಪ್ರಶ್ನೆ ಬರೆದು, ಉತ್ತರಕ್ಕೆ ಇವನ ಹೆಸರನ್ನೇ ಹಾಕಿದ್ದೆ. ನನ್ನ ವ್ಯಾಪಾರ ನೋಡಲಾರದೆ ಬಂದು ಎದುರಿಗೆ ಕೂತವನು ಮತ್ತೆ ಯಾರು?

ಇದನ್ನು ಹೇಗೆ ಹೇಳಲಿ ಎಂದು ನಾನು ಯೋಚಿಸುತ್ತಿರುವಾಗ, ಮೊಮ್ಮಗಳ ರಿಸಲ್ಟ್ ನೋಡಲು ಬಂದಿದ್ದ ಅಜ್ಜನೊಬ್ಬ ನನ್ನ ಕಡೆ ಬೆರಳು ಮಾಡಿದ.

“ಇದೂ ಒಂದು ಪ್ರಶ್ನಿ ಏನಲೇ? ಇವರ ಹೆಸರ ಹಾಕು!”

ಕಾಯುತ್ತಿದ್ದ ಜನವೆಲ್ಲ ಹೌದೌದು ಎಂದಿತು. ತೆಲಿಗಿ ಮಾಸ್ತರರ ದನಿಯೂ ಅದರಲ್ಲಿತ್ತು.

“ಏ, ಸುಮ್ಕಿರಜ್ಜ” ಎಂದ ಷಡ್ಡಕ. ಆದರೆ ಗೋಡೆ ಗಡಿಯಾರ ನೋಡಿ, ತಪ್ಪು ತಿಳಿಯಬೇಡಿ ಎನ್ನುವಂತೆ ನನ್ನ ಮುಖ ನೋಡಿ, ನನ್ನ ಹೆಸರೇ ಒತ್ತಿದ. ಉತ್ತರ ತಪ್ಪು ಎಂದು ಕೆಂಪು ಅಕ್ಷರ ಬಂತು.

ಆ ಅವಸರದಲ್ಲೂ ನನಗೆ ಜೀವ ಬಂದಂತಾಯಿತು. “ನೋಡಿದ್ರೇನು? ನಾನಲ್ಲ!” ಎಂದು ಜನರ ಕಡೆ ತಿರುಗಿ ಎದೆಯುಬ್ಬಿಸಿದೆ.

“ಹಂಗಾರೆ ಯಾರಣ್ಣಾ? ಇನ್ನೊಂದ್ಸಲ ತಪ್ಪಿದ್ರೆ ಇವತ್ತಿಗೆ ಬಂದ್ ಆಗ್ತೈತೆ.”

ಐದಕ್ಕೆ ಸ್ವಲ್ಪವೇ ಹೊತ್ತಿತ್ತು. ಮೇಜಿನ ಅಂಚು ನೋಡುತ್ತ, ಅವನಿಗೊಬ್ಬನಿಗೇ ಕೇಳುವಂತೆ ಹೇಳಿದೆ: “ನಿನ್ನ ಹೆಸರ ಹಾಕು, ತಮ್ಮ.”

ಅವನು ತನ್ನ ಹೆಸರನ್ನು ತಾನೇ ಒಂದೊಂದೇ ಅಕ್ಷರ ಒತ್ತಿದ. ಪರದೆಯ ಮೇಲೆ ಎಲ್ಲರಿಗೂ ಕಾಣಿಸಿತು. ಖಾತೆ ತೆರೆಯಿತು.

ಕೀಬೋರ್ಡನ್ನು ನನ್ನ ಕಡೆ ತಳ್ಳಿ, “ಲಗೂನ ಬರೀರಿ ಅಣ್ಣಾ. ಶಾಖೆ ನಿಮಗೇ ಸಿಗ್ಲಿ. ನಂಗೂ ಫೋನ್ ಬಂದಿತ್ತು, ಅಣ್ಣ ಒಪ್ಕಂಡ್ರೆ ನಂಗೆ ಬ್ಯಾಡ ಅಂದೀನಿ” ಎಂದ. ಅವನ ಒಳ್ಳೆಯತನ ಕಂಡೂ ನನಗೆ ಹೊಟ್ಟೆ ಉರಿಯಿತು. ಒಪ್ಪಿಗೆ ಬರೆದು ಕಳಿಸಿದೆ, ಶಾಖೆ ನನಗಾಯಿತು.

ತಲೆ ತಗ್ಗಿಸಿ ಬಾಗಿಲು ದಾಟುವಾಗ ಹಿಂದೆ ಆ ಅಜ್ಜ ಇನ್ನೂ ವಾದ ಮಾಡುತ್ತಲೇ ಇದ್ದ.

“ಮಷೀನು ಸುಳ್ಳ ಹೇಳತೈತಿ, ಅದನ್ನ ರಿಪೇರಿ ಮಾಡ್ಸು. ನಾವು ಹೇಳಿದ ಉತ್ತರಾನ ಖರೇ.”