ಮೊಮ್ಮಗನ ಕೊರಳಿನ ಹುಲಿ

ಕ್ರೂರಮೃಗಗಳ ವಿಷಯದಲ್ಲಿ ನಾವು ಮನುಷ್ಯರು ನಡೆದುಕೊಳ್ಳುವ ರೀತಿ ನನಗೆ ಈ ವಯಸ್ಸಿನಲ್ಲೂ ಪೂರ್ತಿ ಅರ್ಥವಾಗಿಲ್ಲ. ಅವು ಬದುಕಿರುವಷ್ಟು ದಿನ ನಮ್ಮ ಊರಿನ ಸುತ್ತ ಸುಳಿಯಬಾರದೆಂದು ಹಲಗೆ ಬಾರಿಸುತ್ತೇವೆ, ಪಂಜು ಹಚ್ಚುತ್ತೇವೆ, ಸರ್ಕಾರಕ್ಕೆ ಅರ್ಜಿ ಬರೆದುಕೊಳ್ಳುತ್ತೇವೆ. ಸತ್ತವೆಂದು ಖಾತ್ರಿಯಾದ ಮೇಲೆ ಅವುಗಳ ಉಗುರು ಕಿತ್ತು, ಬಂಗಾರದ ಕಟ್ಟು ಹಾಕಿಸಿ, ಇನ್ನೂ ಕತ್ತು ನಿಲ್ಲದ ಕೂಸಿನ ಕೊರಳಿಗೆ ಕಟ್ಟುತ್ತೇವೆ. ಯಾವುದನ್ನು ಕಂಡರೆ ನಾವು ಓಡುತ್ತೇವೆಯೋ ಅದನ್ನು ಕಂಡರೆ ದೆವ್ವ, ಜ್ವರ, ಕೆಟ್ಟ ದೃಷ್ಟಿ ಎಲ್ಲವೂ ಓಡಬೇಕೆಂಬುದು ನಮ್ಮ ಲೆಕ್ಕ. ಲೆಕ್ಕದಲ್ಲಿ ತಪ್ಪು ಹುಡುಕುವ ಧೈರ್ಯ ನನಗಿಲ್ಲ. ಧೈರ್ಯವೇ ನನಗೆ ಕಡಿಮೆ. ಬಳ್ಳಾರಿ ಕೋಟೆಯ ಗುಡ್ಡದ ಬಂಡೆಗಳಲ್ಲಿ ಚಿರತೆ ಸುಳಿಯುತ್ತದೆಂದು ಯಾರಾದರೂ ಹೇಳಿದರೆ, ಎರಡು ಮೈಲಿ ದೂರದಲ್ಲಿ ಮಲಗಿರುವ ನಾನು ಎದ್ದು ಇನ್ನೊಮ್ಮೆ ಬಾಗಿಲ ಅಗಳಿ ನೋಡುವವನು. ಹೀಗಿರುವವನು ಕಳೆದ ಬೇಸಗೆಯಲ್ಲಿ ನಮ್ಮ ಬೀಗರ ಮನೆಗೆ ಹುಲಿಯೊಂದನ್ನು ಒದಗಿಸಲು ಹೊರಟು ಮಾಡಿದ ಕೆಲಸವನ್ನು ಯಾರ ಮುಂದಾದರೂ ಹೇಳಿಕೊಳ್ಳದೆ ನೆಮ್ಮದಿಯಿಲ್ಲ. ಮನೆಯಲ್ಲಿ ಹೇಳುವಂತಿಲ್ಲ. ಆದ್ದರಿಂದ ನಿಮ್ಮ ಮುಂದೆ.

ನಾನು ಬಳ್ಳಾರಿಯ ಕೌಲ್‌ಬಜಾರಿನವನು. ಹೈಸ್ಕೂಲಿನವರೆಗೆ ಓದಿ, ಕಚೇರಿಯಲ್ಲಿ ಗುಮಾಸ್ತೆಯಾಗಿ ಕೂತು, ಈಗ ಪಿಂಚಣಿಯ ಮೇಲಿರುವವನು. ಒಬ್ಬಳೇ ಮಗಳು ಗಿರಿಜೆ, ಕೊಟ್ಟಿದ್ದು ಸಿರುಗುಪ್ಪಕ್ಕೆ. ಚೊಚ್ಚಲ ಹೆರಿಗೆಗೆಂದು ನಮ್ಮ ಮನೆಗೆ ಬಂದವಳು ಗಂಡುಮಗುವನ್ನು ಹೆತ್ತಳು. ಬಾಣಂತನ ಮುಗಿದು, ತಾಯಿ ಮಗುವನ್ನು ತೊಟ್ಟಿಲ ಸಮೇತ ಗಂಡನ ಮನೆಗೆ ಕಳಿಸುವ ಹೊತ್ತು ಬಂದಾಗ, ಅವಳ ಅತ್ತೆ ಹಂಪಮ್ಮ ಸಿರುಗುಪ್ಪದಿಂದ ಭತ್ತದ ಬಂಡಿಯವನ ಕೈಯಲ್ಲಿ ಮಾತು ಹೇಳಿ ಕಳಿಸಿದರು. ಆ ಮಾತನ್ನು ನನ್ನ ಹೆಂಡತಿ ಪಾರ್ವತಿ, ನಾನು ಊಟಕ್ಕೆ ಕೂತು ಎದ್ದು ಹೋಗಲಾರದ ಸಮಯ ನೋಡಿ ಹೊರಗೆ ತೆಗೆದಳು.

"ತೊಟ್ಲ ಹಳೇದಾದ್ರೂ ನಡದೀತಂತ್ರೀ. ಹುಲಿಯುಗುರು ಮಾತ್ರ ತವರಿಂದಽ ಬರಬೇಕಂತ. ಅವರ ಮನಿತನದಾಗ ಅದು ಇಲ್ಲದ ಕೂಸನ್ನ ಹೊಸ್ತಿಲಾ ದಾಟಸಂಗಿಲ್ಲಂತ."

"ಹುಲಿಯುಗುರು ಅಂದ್ರ ಸಂತ್ಯಾಗ ಆರಿಸಿ ತರೋ ಬದನಿಕಾಯೇನು?" ಎಂದೆ.

"ಮತ್ತ ಬೇಟಿಗಾರರೆಲ್ಲ ತೊಗಲು ತಗೊಂಡು ಮೊದಲು ನನ್ನ ಮೇಜಿಗೇ ಬರ್ತಾರ, ನನಗ ಸಲಾಂ ಹೊಡದು ಮುಂದ ಹೋಗ್ತಾರ ಅಂತ ಹೇಳಿದವರು ಯಾರು? ನಾನೇನು?"

ಹೇಳಿದವನು ನಾನೇ. ಚಿರತೆ, ತೋಳಗಳ ತೊಗಲು ತಂದವರು ಸರ್ಕಾರ ಕೊಡುವ ಇನಾಮಿಗಾಗಿ ಕಚೇರಿಯ ಜಗಲಿಯ ಮೇಲೆ ಕಾಯುತ್ತಿದ್ದದ್ದು ನಿಜ. ಆ ವಾಸನೆಗೆ ನಾನು ಮೂಗು ಮುಚ್ಚಿಕೊಂಡು ಒಳಗಿನ ಕೋಣೆಗೆ ಹೋಗುತ್ತಿದ್ದದ್ದೂ ನಿಜ. ಮನೆಯಲ್ಲಿ ಮೊದಲನೆಯ ಭಾಗವನ್ನಷ್ಟೇ ಹೇಳಿದ್ದೆ. ಗಿರಿಜೆ ಕೂಸಿಗೆ ಎಣ್ಣೆ ಸವರುತ್ತಾ ತಲೆ ಎತ್ತದೆ ಅಂದಳು: "ಅಪ್ಪಾ, ತರದಿದ್ರ ಅತ್ತಿ ಏನೂ ಅನ್ನಂಗಿಲ್ಲ. ಏನೂ ಅನ್ನದಽ ಇರ್ತಾಳ. ವರ್ಷಗಟ್ಲೆ."

ಬೈಯುವ ಅತ್ತೆಯ ಜೊತೆ ಬಾಳಬಹುದು. ಸುಮ್ಮನಿರುವ ಅತ್ತೆಯ ಜೊತೆ ನನ್ನ ಮಗಳು ಹೇಗೆ ದಿನ ತೆಗೆದಾಳು? "ತರ್ತೀನಿ ಬಿಡವ್ವಾ," ಎಂದುಬಿಟ್ಟೆ.

ಆ ದಿನಗಳಲ್ಲಿ ನನಗೊಂದು ಚಿಕ್ಕ ಕೆಲಸ ಸಿಕ್ಕಿತ್ತು. ಸರ್ಕಾರದ ಕಲ್ಲುಮಣ್ಣಿನ ಪರೀಕ್ಷೆಗೆ ಬಂದ ಒಬ್ಬ ಬಿಳಿಯ ದೊರೆ ನಮ್ಮ ಸೀಮೆಯ ಗುಡ್ಡಗಳನ್ನೆಲ್ಲ ಸುತ್ತಿಗೆಯಿಂದ ಕುಟ್ಟುತ್ತಾ ಕುರುಗೋಡಿನಲ್ಲಿ ಡೇರೆ ಹಾಕಿದ್ದರು. ಜನ ಅವರನ್ನು ಕಲ್ಲುದೊರೆ ಎನ್ನುತ್ತಿದ್ದರು. ಕರ್ನೂಲು ಕಡೆಯ ಗವಿಗಳನ್ನು ಅಗೆಸಿ ತೆಗೆದ ಎಲುಬುಗಳು ಅವರ ಪೆಟ್ಟಿಗೆಗಳಲ್ಲಿ ತುಂಬಿದ್ದವು. ಅವುಗಳ ಮಣ್ಣು ಕೆರೆದು, ಹತ್ತಿಯಲ್ಲಿ ಸುತ್ತಿ, ಮದ್ರಾಸಿಗೆ ಹೋಗುವಂತೆ ಜೋಡಿಸಲು ಇಂಗ್ಲಿಷು ತಿಳಿದವನೊಬ್ಬ ಬೇಕಾಗಿತ್ತು. ಎಲುಬು ಒರೆಸಲು ಇಂಗ್ಲಿಷು ಯಾಕೆ ಬೇಕೋ ಮೊದಲು ತಿಳಿಯಲಿಲ್ಲ. ಆಮೇಲೆ ತಿಳಿಯಿತು: ದೊರೆಗೆ ಮಾತಾಡಲು ಯಾರಾದರೂ ಬೇಕಾಗಿತ್ತು.

ಮಾತಾಡುವಾಗ ಅವರು ಹಳೆಯ ನೆಂಟರ ಸುದ್ದಿ ಹೇಳುವಂತೆ ಹೇಳುತ್ತಿದ್ದರು. ನಮ್ಮ ಈ ಬಿಸಿಲ ಸೀಮೆಯಲ್ಲಿ ಒಂದು ಕಾಲಕ್ಕೆ ಖಡ್ಗಮೃಗ ಮೇಯುತ್ತಿತ್ತಂತೆ. ಅವನ್ನು ತಿನ್ನಲು ಹುಲಿಗಳಿದ್ದವಂತೆ. ಹುಲಿ ತಿಂದು ಬಿಟ್ಟದ್ದನ್ನು ಕತ್ತೆಕಿರುಬ ಬಾಯಲ್ಲಿ ಕಚ್ಚಿ ಗವಿಗೆ ಎಳೆದು ತಂದು, ಎಲುಬು ಒಡೆದು ಒಳಗಿನ ಸಾರ ಹೀರುತ್ತಿತ್ತಂತೆ. ಹಾಗೆ ಅದು ಎಳೆದು ತಂದು ಬಿಟ್ಟದ್ದರಿಂದಲೇ ಇವತ್ತು ನಮಗೆ ಹಳೆಯ ಮೃಗಗಳ ಗುರುತು ಸಿಕ್ಕಿರುವುದಂತೆ. ಹುಲಿಯ ಬೇಟೆಯ ವೃತ್ತಾಂತ ಕತ್ತೆಕಿರುಬದ ಎಂಜಲಿನಿಂದ ತಿಳಿಯಬೇಕು ಎಂದು ದೊರೆ ನಕ್ಕರು. ನಾನೂ ನಕ್ಕೆ. ದೊಡ್ಡವರು ನಕ್ಕಾಗ ನಗುವುದು ಕಚೇರಿಯಲ್ಲಿ ಕಲಿತ ವಿದ್ಯೆ. ಆದರೆ ಅಂದು ಡೇರೆಯ ಹೊರಗೆ ಬಂದು ಕುರುಗೋಡಿನ ಬೋಳು ಬಂಡೆಗಳನ್ನು ನೋಡಿದಾಗ ಎದೆಯಲ್ಲಿ ಏನೋ ಖಾಲಿಯಾದಂತಾಯಿತು. ಇಷ್ಟೊಂದು ಹಲ್ಲು ಉಗುರುಗಳ ಸಂಸಾರ ಇಲ್ಲಿ ಬಾಳಿ, ಹೆದರಿಸಿ, ಹೆದರಿ, ಸದ್ದಿಲ್ಲದೆ ಎದ್ದು ಹೋಗಿದೆ. ನಾವು ಮಾತ್ರ ಊರು ನಮ್ಮದೇ ಎಂದುಕೊಂಡು ತಿಪ್ಪೆಗೆ ಬೇಲಿ ಹಾಕಿ ಜಗಳಾಡುತ್ತಿದ್ದೇವೆ.

ಇಂಥ ದೊಡ್ಡ ವಿಚಾರದ ನಡುವೆಯೂ ಉಗುರಿನ ಚಿಂತೆ ಹೋಗಲಿಲ್ಲ. ಡೇರೆಗೆ ಕವುಜುಗ ಹಕ್ಕಿ ಹೊಡೆದು ತಂದು ಕೊಡುತ್ತಿದ್ದ ಹುಸೇನಸಾಬ ಕುರುಗೋಡಿನ ಹಳೆಯ ಬೇಟೆಗಾರ. ಅವನನ್ನು ಪಕ್ಕಕ್ಕೆ ಕರೆದು ಹುಲಿಯುಗುರು ಕೇಳಿದೆ. ಅವನು ಬಂದೂಕು ಕೆಳಗಿಟ್ಟು ನಕ್ಕ.

"ಹುಲಿ ಎಲ್ಲಿ ಅದಾವ್ರೀ ಗುಮಾಸ್ತರ? ನಮ್ಮ ಮುತ್ಯಾ ಕಂಡಿದ್ದೆ ಅಂತಿದ್ದ. ಅವಗ ಕಣ್ಣು ಸುಮಾರಿತ್ತು. ಈಗ ಇರೋದು ಚಿರತಿ. ಅದರ ತೊಗಲು ಉಗುರು ಸಮೇತ ನಿಮ್ಮ ಕಚೇರಿಗೇ ಒಯ್ಯಬೇಕು."

"ಮತ್ತ ಬಳ್ಳಾರಿಯೊಳಗ ಅಷ್ಟು ಕೂಸುಗಳ ಕೊರಳಾಗ ಅದಾವಲ್ಲೋ?"

"ಅವಾ? ಅದರಾಗ ಅರ್ಧ ಹುಲಿಗಳು ಹುಲ್ಲು ತಿಂದು ಹಾಲು ಕೊಟ್ಟಾವ್ರೀ. ಎಮ್ಮಿ ಕೋಡು. ಚಲೋ ತಿಕ್ಕಿದ್ರ ಹುಲಿಗೂ ಗೊತ್ತಾಗಂಗಿಲ್ಲ. ನಿಮಗೂ ಒಂದು ಮಾಡಸಲೇನು?"

"ಛೇ, ಮೋಸ ಮಾಡೋ ಮನಿತನ ಅಲ್ಲಪ್ಪ ನಮ್ಮದು," ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹಂಗಾರ ಹುಲಿ ಹುಟ್ಟೋತನಕ ಕಾಯ್ರಿ," ಎಂದು ಹೊರಟುಹೋದ.

ಎಮ್ಮೆಯ ಕೋಡನ್ನು ಅಷ್ಟು ಗತ್ತಿನಿಂದ ನಿರಾಕರಿಸಿದವನು ಆ ವಾರವೇ ಮಾಡಿದ್ದು ಕೇಳಿ. ಮಧ್ಯಾಹ್ನ. ದೊರೆ ಮಂಚದ ಮೇಲೆ ಟೋಪಿ ಮುಖಕ್ಕೆ ಮುಚ್ಚಿ ಮಲಗಿದ್ದರು. ಅವರಿನ್ನೂ ನೋಡದಿದ್ದ ಒಂದು ದವಡೆಯ ಮಣ್ಣನ್ನು ನಾನು ಬಿದಿರುಕಡ್ಡಿಯಿಂದ ಕೆರೆಯುತ್ತಿದ್ದೆ. ಕತ್ತೆಕಿರುಬದ್ದು; ಅಷ್ಟು ಗುರುತು ಹಿಡಿಯಲು ಕಲಿತಿದ್ದೆ. ಕೆರೆಯುತ್ತಿದ್ದಂತೆ ಮುಂದಿನ ಕೋರೆಹಲ್ಲು ಅಲುಗಾಡಿ ನನ್ನ ಅಂಗೈಗೆ ಬಂತು. ಜೇನುಬಣ್ಣಕ್ಕೆ ತಿರುಗಿ, ಬಾಗಿ, ತುದಿ ಚೂಪಾಗಿ, ತಣ್ಣಗೆ ಕಲ್ಲಾಗಿತ್ತು. ಬೇಟೆಯ ಮೃಗ ಎರಗುವಾಗ ಮೈಯೆಲ್ಲ ಸಿಟ್ಟಾಗಿರುತ್ತದೆಂದು ನಾನು ತಿಳಿದಿದ್ದೆ. ಅದು ತಪ್ಪು. ಸಿಟ್ಟು ಇರುವುದಿಲ್ಲ, ಬೆವರೂ ಬರುವುದಿಲ್ಲ. ಜಗತ್ತು ಬಹಳ ನಿಶ್ಶಬ್ದವಾಗುತ್ತದೆ. ಮಲಗಿದವರ ಉಸಿರು ಸ್ಪಷ್ಟವಾಗಿ ಕೇಳಿಸುತ್ತದೆ. ಕೈ ತಾನಾಗಿ ಮೇಲೆ ಹೋಗುತ್ತದೆ. ಹಲ್ಲು ನನ್ನ ತಲೆಯ ರುಮಾಲಿನ ಮಡಿಕೆಯೊಳಗೆ ಹೋದದ್ದು ಹೀಗೆ. ಉಳಿದ ದವಡೆಯನ್ನು ಎಂದಿಗಿಂತ ಮುತುವರ್ಜಿಯಿಂದ ಹತ್ತಿಯಲ್ಲಿ ಸುತ್ತಿದೆ.

ಬಳ್ಳಾರಿಯ ಅಕ್ಕಸಾಲಿ ಅದನ್ನು ಕೈಯಲ್ಲಿ ತೂಗಿ, "ಭಾಳ ಭಾರ ಐತಲ್ರೀ," ಎಂದ.

"ವಯಸ್ಸಾದ ಹುಲಿ," ಎಂದೆ.

ಮನೆಯಲ್ಲಿ, ಉಗುರಾದರೆ ಒಂದು ಹುಲಿಗೆ ಹತ್ತಾರು ಇರುತ್ತವೆ, ಕೋರೆಹಲ್ಲು ನಾಲ್ಕೇ, ಆದ್ದರಿಂದ ಇದರ ಶಕ್ತಿ ಹೆಚ್ಚು ಎಂದು ವಿವರಿಸಿದೆ. ಪಾರ್ವತಿ ನನ್ನನ್ನು ಮದುವೆಯಾದಾಗಿನಿಂದ ನೋಡದಷ್ಟು ಅಭಿಮಾನದಿಂದ ನೋಡಿದಳು. ಆ ನೋಟ ನನಗೆ ಈಗಲೂ ಚುಚ್ಚುತ್ತದೆ. ಆಗ ಮಾತ್ರ ಎರಡನೆಯ ಸಲ ಅನ್ನ ಹಾಕಿಸಿಕೊಂಡೆ.

ಬಂಡಿ ಕಟ್ಟಿಸಿ, ತಾಯಿ ಮಗು ತೊಟ್ಟಿಲು ಸಮೇತ ಸಿರುಗುಪ್ಪ ಮುಟ್ಟಿದೆವು. ಹಂಪಮ್ಮ ಗಟ್ಟಿ ಹೆಂಗಸು. ಅವರ ಮನೆಯ ಹಿಂದೆ ಗದ್ದೆ, ಅದರಾಚೆ ಹೊಳೆ. ಹೊಳೆಯಲ್ಲಿ ಮೊಸಳೆ ಬಿಸಿಲು ಕಾಯಿಸುತ್ತಾ ಮಲಗಿರುತ್ತದೆ. ಇವರು ಅದಕ್ಕೆ ಒಂದು ಮಾತು ಗದರಿ ಬಟ್ಟೆ ಒಗೆದುಕೊಂಡು ಬರುತ್ತಾರೆ. ಇಂಥವರು ಕೂಸಿನ ಕೊರಳಿನ ಹಲ್ಲನ್ನು ಬೆಳಕಿಗೆ ಹಿಡಿದು ನೋಡುವಾಗ ನಾನು ಬಂಡಿಯ ಹಗ್ಗ ಬಿಚ್ಚುವವನಂತೆ ಬೆನ್ನು ತಿರುಗಿಸಿದೆ. ನೋಡಿ ಮುಗಿಸಿ, ಆರತಿ ಎತ್ತಿ ಒಳಗೆ ಕರೆದುಕೊಂಡರು. ಗಿರಿಜೆ ನನ್ನ ಕಡೆ ನೋಡಿ ಸಣ್ಣಗೆ ನಕ್ಕಳು. ಗೆದ್ದೆ ಎಂದುಕೊಂಡೆ.

ಊಟವಾದ ಮೇಲೆ ಜಗಲಿಯ ಮೇಲೆ ಎಲೆ ಅಡಿಕೆಯ ತಟ್ಟೆ ತಂದಿಟ್ಟು ಹಂಪಮ್ಮ ಕಂಬಕ್ಕೆ ಒರಗಿ ಕೂತರು. ಕೂಸು ಅವರ ತೊಡೆಯ ಮೇಲಿತ್ತು.

"ಬೀಗರ, ನಾ ಹಟ ಮಾಡಿದೆ ಅಂತ ನಿಮ್ಮ ಮನ್ಯಾಗ ಬೈಕೊಂಡಿರಬೇಕು."

"ಇಲ್ರೀ ಬೀಗಿತಿ, ಅಂಥಾದ್ದೇನಿಲ್ಲ."

"ಬೈಕೊಂಡ್ರೂ ಚಿಂತಿಲ್ಲ. ನನ್ನ ಮೊದಲನೇ ಕೂಸು, ನಿಮ್ಮ ಅಳಿಯನಕಿಂತ ಮುಂಚಿಂದು, ಇಷ್ಟಽ ಇತ್ತು. ಆ ವರ್ಷ ನಮ್ಮ ತವರಾಗ ಅಪ್ಪ ಇರಲಿಲ್ಲ. ಉಗುರು ತರೋರು ಯಾರೂ ಇರಲಿಲ್ಲ. ಜ್ವರ ಬಂತು, ಕೂಸು ಹೋತು. ಯಾರೂ ನನಗ ಏನೂ ಅನಲಿಲ್ಲ. ನಾನಽ ಅನಕೊಂಡೀನಿ, ಇವತ್ತಿನತನಕ." ಕೂಸಿನ ಕೊರಳಿನ ದಾರ ಸರಿಪಡಿಸುತ್ತಾ ಕೇಳಿದರು: "ಇದು ಖರೇ ಹುಲೀದಽ ಏನ್ರೀ?"

ಗರ್ವದ ಹೆಂಗಸಿಗೆ ಸುಳ್ಳು ಹೇಳುವುದು ಸುಲಭ. ಹೆದರಿದ ಹೆಂಗಸಿಗೆ ಹೇಳುವುದು ಬಹಳ ಕಷ್ಟ. ಅಷ್ಟು ದಿನ ನಾನು ಇವರನ್ನು ಹುಲಿ ಎಂದುಕೊಂಡು ನನ್ನ ಮಗಳನ್ನು ಕಾಪಾಡಲು ಹೊರಟಿದ್ದೆ. ಎದುರಿಗೆ ಕೂತಿದ್ದವರು ಕೂಸಿನ ಉಸಿರು ಎಣಿಸುತ್ತಿದ್ದ ಒಬ್ಬ ಅಜ್ಜಿ.

"ಅಲ್ರೀ," ಎಂದೆ. "ಹುಲೀದಲ್ಲ. ಕತ್ತೆಕಿರುಬದ್ದು."

ಅವರ ಕೈ ಕೂಸಿನ ಎದೆಯ ಮೇಲೆ ಹಾಗೇ ನಿಂತಿತು. ಹೆಣ ಕೆದರುವ ಪ್ರಾಣಿ ಎಂದು ನಮ್ಮವರು ಅದರ ಹೆಸರೂ ಎತ್ತುವುದಿಲ್ಲ. ಎದ್ದು ಹೊಳೆಗೆ ಎಸೆದು ಬರುತ್ತಾರೆಂದು ಕಾದೆ. ಅವರು ಏಳಲಿಲ್ಲವಾದ್ದರಿಂದ ನಾನೇ ಮಾತು ಮುಂದುವರಿಸಿದೆ. ಗವಿ, ಖಡ್ಗಮೃಗ, ಹುಲಿ, ದೊರೆ ಹೇಳಿದ್ದೆಲ್ಲವನ್ನೂ ಹೇಳಿದೆ. ಎಷ್ಟು ತಲೆಮಾರಿನ ಹಿಂದಿನದೋ ಲೆಕ್ಕಕ್ಕೇ ಸಿಗುವುದಿಲ್ಲ, ನಮ್ಮ ಊರು ಕೇರಿ ಯಾವುದೂ ಇಲ್ಲದಾಗಿನದು ಎಂದೆ.

"ಅಷ್ಟು ದಿನದಿಂದ ಇದು ಮಣ್ಣಾಗ ಕೊಳೀಲೇ ಇಲ್ಲೇನು?"

"ಇಲ್ರೀ. ಕಲ್ಲಾಗಿ ಉಳದೈತಿ."

"ಆಗಿನ ಹುಲಿಗಳು?"

"ಹೋದವು. ಒಂದೆರಡು ಎಲುಬು ಸಿಕ್ಕಾವಂತ, ಅವೂ ಇದು ಎಳದು ತಂದಿಟ್ಟವು."

ಹಂಪಮ್ಮ ಹಲ್ಲನ್ನು ಎರಡು ಬೆರಳಲ್ಲಿ ಹಿಡಿದು ಬಹಳ ಹೊತ್ತು ತಿರುಗಿಸಿದರು. ಆಮೇಲೆ ಅದನ್ನು ಕೂಸಿನ ಅಂಗಿಯೊಳಗೆ ಸರಿಸಿದರು.

"ಹಂಗಾರ ಇರ್ಲಿ ಬಿಡ್ರಿ. ಹುಲಿ ತಗೊಂಡು ನಾ ಏನು ಮಾಡಲಿ? ಕೂಸು ಹುಲಿ ಆಗೋದು ಬ್ಯಾಡ ನನಗ, ಉಳಿಯೋದು ಬೇಕು."

ಜೀವಮಾನದಲ್ಲಿ ನಿಜ ಹೇಳಿ ಇಷ್ಟು ಒಳ್ಳೆಯ ಪ್ರತಿಫಲ ಪಡೆದದ್ದು ಅದೇ ಮೊದಲು. ಆ ಸಂತೋಷದಲ್ಲಿ ಮೈಮರೆತಿದ್ದಾಗ ಅವರು ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದರು: "ದೊರೀನ ಕೇಳಿ ತಂದೀರಲ್ಲ? ಕದ್ದಿದ್ದು ಕೂಸಿನ ಕೊರಳಾಗ ಇರಬಾರದು ನೋಡ್ರಿ."

"ಕೇಳಿಯೇ ತಂದೀನ್ರೀ," ಎಂದೆ. "ಅವರಽ ಕೈಯಾರೆ ಕೊಟ್ರು."

ಎಲೆ ಮಡಿಸಿ ಕೊಟ್ಟರು. ತಿಂದೆ. ಒಂದು ಪಾಪವನ್ನು ಕಳೆದುಕೊಂಡ ಜಾಗದಲ್ಲಿಯೇ, ಅದರ ಬಿಸಿ ಆರುವ ಮೊದಲು, ಇನ್ನೊಂದನ್ನು ತಂದು ಕೂರಿಸಿದ್ದೆ.

ಹಿಂದಿರುಗುವಾಗ ಕುರುಗೋಡಿನಲ್ಲಿ ಬಂಡಿ ನಿಲ್ಲಿಸಿ ದೊರೆಯ ಮುಂದೆ ಎಲ್ಲವನ್ನೂ ಹೇಳಿ, ಈಗಲಾದರೂ ಕೇಳಿ ಪಡೆದರೆ ಬೀಗಿತಿಗೆ ಹೇಳಿದ ಮಾತು ತಡವಾಗಿಯಾದರೂ ನಿಜವಾಗುತ್ತದೆಂದು ಲೆಕ್ಕ ಹಾಕಿದೆ. ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ವಾಕ್ಯ ಜೋಡಿಸಿದೆ. ಕದ್ದೆ ಎಂಬುದಕ್ಕೆ ಸ್ವಲ್ಪ ಮರ್ಯಾದೆಯ ಶಬ್ದ ಹುಡುಕುತ್ತಾ ಹುಡುಕುತ್ತಾ ಊರು ಬಂತು. ಡೇರೆ ಇದ್ದ ಜಾಗದಲ್ಲಿ ಗೂಟದ ಕುಳಿಗಳು ಮಾತ್ರ ಇದ್ದವು. ಹುಸೇನಸಾಬ ಬೇವಿನ ಮರದ ಕೆಳಗೆ ಕೂತಿದ್ದ.

"ದೊರಿ ಮದ್ರಾಸಿಗೆ ಹೋದ್ರು, ಪೆಟಗಿ ಎಲ್ಲಾ ತಗೊಂಡು. ನಿಮ್ಮನ್ನ ನೆನಸಿದ್ರು. ಇಂಥ ನಂಬಿಗಸ್ತ ಮನಿಷ್ಯಾ ಸಿಗಾಂಗಿಲ್ಲ ಅಂದ್ರಂತ, ಬಟ್ಲರ್ ಹೇಳಿದ." ನಾನು ಗೂಟದ ಕುಳಿಯೊಂದಕ್ಕೆ ಕಾಲಿನಿಂದ ಮಣ್ಣು ತಳ್ಳಿದೆ. ಅವನು ಮುಂದುವರಿಸಿದ. "ಹೋಗೂಮುಂದ ಒಂದು ದವಡಿ ಹಿಡಕೊಂಡು ಭಾಳ ಹೊತ್ತು ಕುಂತಿದ್ರು ನೋಡ್ರಿ. ಕ್ವಾರಿಹಲ್ಲು ಇರೋ ಜಾಗಾ ಖಾಲಿ ಇತ್ತಂತ. ಅದರಾಗ ಬೆರಳಿಟ್ಟು ಹೇಳಿದ್ರಂತ, ಇದಕ್ಕೂ ಯಾವುದೋ ದೊಡ್ಡ ಮೃಗಕ್ಕೂ ಜಗಳ ಆಗೇತಿ, ಇದರಕಿಂತ ಜಬರದಸ್ತ್ ಇದ್ದದ್ದು ಬಂದು ಹಲ್ಲು ಕಿತ್ತೈತಿ ಅಂತ. ಅದು ಯಾವುದು ಅಂತ ಮದ್ರಾಸಿನಾಗ ಹುಡುಕ್ತಾರಂತ."

ಮದ್ರಾಸಿಗೆ ಬರೆದು ತಿಳಿಸಬಹುದು. ತಿಳಿಸಿದರೆ ಹಲ್ಲು ಮರಳಿಸಬೇಕಾದೀತು. ಹಂಪಮ್ಮನ ತೊಡೆಯ ಮೇಲಿನ ಕೂಸಿನ ಕೊರಳಿಗೆ ಕೈ ಹಾಕುವ ಎದೆಗಾರಿಕೆ ನನ್ನಲ್ಲಿಲ್ಲ. ಆದ್ದರಿಂದ ಅಲ್ಲಿಯ ವಿದ್ವಾಂಸರು ದೀಪದ ಬೆಳಕಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು, ಹಳೆಯ ಕಾಲದ ಆ ಭಯಂಕರ ಮೃಗ ಎಷ್ಟು ಉದ್ದವಿತ್ತು, ಹೇಗೆ ಎರಗುತ್ತಿತ್ತು, ಯಾವಾಗ ನಿರ್ವಂಶವಾಯಿತು ಎಂದು ಚರ್ಚಿಸುತ್ತಲೇ ಇರಬೇಕು. ಅದು ಇನ್ನೂ ನಿರ್ವಂಶವಾಗಿಲ್ಲ. ಕೌಲ್‌ಬಜಾರಿನಲ್ಲಿ, ಉಳಿದಿರುವ ನಾಲ್ಕು ಹಲ್ಲಿನಿಂದ, ಹೆಂಡತಿ ಹಾಲಿನಲ್ಲಿ ನೆನೆಸಿಕೊಟ್ಟ ರೊಟ್ಟಿಯನ್ನು ಮೆಲ್ಲುತ್ತಿದೆ.