ಮೇ ಮೂರರ ಡಬ್ಬ

ಮನೆ ಬದಲಾಯಿಸುವುದೆಂದರೆ ಉಳಿದವರಿಗೆಲ್ಲ ಸಾಮಾನು ಕಟ್ಟುವ ಕೆಲಸ. ನನಗೆ ಅದು ಆಡಳಿತ ಸುಧಾರಣೆ. ಮುಂದಿನ ಅನಾಹುತಕ್ಕೆಲ್ಲ ಈ ಒಂದು ಬುದ್ಧಿಯೇ ಮೂಲ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳು ಹೇಳುವುದು ಸರಿ. (ಇದನ್ನು ಅವಳ ಎದುರಿಗೆ ಒಪ್ಪಿಕೊಂಡಿಲ್ಲ. ನಿಮ್ಮ ಹತ್ತಿರ ಹೇಳುತ್ತಿದ್ದೇನೆ, ಅಷ್ಟೆ.)

ನಾನು ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಯಾರೋ ಪುಣ್ಯಾತ್ಮರು ನನ್ನನ್ನು ಕಂಪ್ಯೂಟರ್ ತರಬೇತಿಗೆ ಕಳಿಸಿದ್ದರು. ಮೊದಲ ದಿನ ಎಕ್ಸೆಲ್ ಹಾಳೆಯ ಚೌಕಗಳಿಗೆ ಬಣ್ಣ ತುಂಬುವುದು, ಸುತ್ತ ಗೆರೆ ಎಳೆಯುವುದು, ಕಾಲಂ ಅಗಲ ಮಾಡುವುದು, ಹತ್ತಾರು ಚೌಕಗಳನ್ನು ಸೇರಿಸಿ ಒಂದೇ ಮಾಡುವುದು ಕಲಿಸಿದರು. ಬಣ್ಣ, ಗೆರೆ ಎಂದರೆ ನನ್ನ ಕುಲಕಸುಬೇ ಆಯಿತಲ್ಲ. ಏನೇನು ಮಾಡಬಾರದು ಎಂಬುದು ಎರಡನೆಯ ದಿನದ ಪಾಠ. ಅವತ್ತು ನನಗೆ ನೆಗಡಿ.

ಹೆಂಡತಿಗೆ ಬಡ್ತಿ ಸಿಕ್ಕಿತ್ತು. ಮುಖ್ಯ ಕಚೇರಿಯಲ್ಲಿ ಏನೋ ತರಬೇತಿ ವಿಭಾಗವಂತೆ. ಅದಕ್ಕೇ ಮನೆ ಬದಲಾವಣೆ. ಏನು ತರಬೇತಿ ಎಂದು ಕೇಳಬೇಕಿತ್ತು, ಆದರೆ ಆ ವಾರ ನನಗೆ ಪುರುಸೊತ್ತಿರಲಿಲ್ಲ. ನಮ್ಮ ಸಮಸ್ತ ಸ್ಥಿರ, ಚರ ಪಾತ್ರೆಪಗಡಗಳ ಮಹಾಪಟ್ಟಿಗೆ ಬಾರ್ಡರ್ ಎಳೆಯುತ್ತಿದ್ದೆ.

"ಡಬ್ಬದ ಮೇಲೆ ಅಡುಗೆಮನೆ, ಬಟ್ಟೆ ಅಂತ ದಪ್ಪಗೆ ಬರೆದ್ರೆ ಸಾಕು ಕಣ್ರೀ. ಮಾರ್ಕರ್ ಎಲ್ಲಿಟ್ರಿ?" ಎಂದಳು.

"ಮಾರ್ಕರ್ರಾ? ಯಾವ ಕಾಲದಲ್ಲಿದೀಯ ನೀನು? ಇಲ್ಲಿ ನೋಡು. ಈ ಚೌಕಕ್ಕೆ ಸೆಲ್ ಅಂತಾರೆ."

"ಗೊತ್ತು."

"ಟಾರ್ಚಿಗೆ ಹಾಕೋ ಸೆಲ್ ಅಲ್ಲ ಮತ್ತೆ."

ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿ, ತಟ್ಟೆಗಳನ್ನು ಪೇಪರಿನಲ್ಲಿ ಸುತ್ತಲು ಹೋದಳು. ಜ್ಞಾನದ ಮುಂದೆ ಮಾತು ನಿಂತಿತು ಎಂದುಕೊಂಡೆ. ಹೋಗುವಾಗ, "ನನ್ನ ಬಡ್ತಿ ಆರ್ಡರ್ ಮಾತ್ರ ಕೈಚೀಲದಲ್ಲೇ ಇರಲಿ. ಸೋಮವಾರ ಬೆಳಿಗ್ಗೆ ಅದನ್ನ ತೋರಿಸದೆ ಕೆಲಸಕ್ಕೆ ಸೇರಿಸ್ಕೊಳಲ್ಲ" ಎಂದಳು.

"ಕೈಚೀಲಕ್ಕೆ ಕಾಲಂ ಇಲ್ಲ" ಎಂದು ಹೇಳಿ, ಆ ಆರ್ಡರನ್ನೂ ಅವಳ ಆಫೀಸಿನ ಬಟ್ಟೆಗಳನ್ನೂ ನಾನೇ ಒಂದು ಡಬ್ಬಕ್ಕೆ ಹಾಕಿ ಟೇಪ್ ಸುತ್ತಿದೆ.

ಪ್ರತಿ ಡಬ್ಬಕ್ಕೂ ಒಂದು ಸಂಖ್ಯೆ. ಎರಡನೇ ಕೋಣೆಯ ನಾಲ್ಕನೇ ಡಬ್ಬವಾದರೆ ಎರಡು, ಒಂದು ಅಡ್ಡಗೆರೆ, ನಾಲ್ಕು. ಪಕ್ಕದ ಕಾಲಮ್ಮಿನಲ್ಲಿ ಒಳಗಿರುವ ಸಾಮಾನು, ಸಾಲಿಗೊಂದು. ಕೊನೆಗೆ ನೋಡಿದರೆ ಅದು ಉದ್ದಕ್ಕೆ ಬಾಲದ ಹಾಗೆ ಇಳಿದು ಹಾಳೆಯ ಅಂದಗೆಡಿಸುತ್ತಿತ್ತು. ಒಂದೊಂದು ಡಬ್ಬದ ಸಾಲುಗಳನ್ನೆಲ್ಲ ಸೇರಿಸಿ ಒಂದೇ ಚೌಕ ಮಾಡಿದೆ. ಪ್ರತಿ ಸಲವೂ ಕಂಪ್ಯೂಟರು ಏನೋ ಎಚ್ಚರಿಕೆ ಕೊಡುತ್ತಿತ್ತು. ಎಚ್ಚರಿಕೆ ಕೊಡುವವರ ಮಾತು ಕೇಳುವ ಅಭ್ಯಾಸ ನನಗೆ ಮನೆಯಲ್ಲೇ ಇಲ್ಲ. ಸರಿ ಸರಿ ಎಂದು ಒತ್ತುತ್ತಾ ಹೋದೆ. ಸಂಖ್ಯೆಗಳನ್ನು ಬಣ್ಣಬಣ್ಣದ ಚೀಟಿಯಾಗಿ ಅಚ್ಚು ಹಾಕಿಸಿ ಡಬ್ಬಗಳಿಗೆ ಅಂಟಿಸಿದೆ. ಬಣ್ಣ ನೋಡಿ ನೋಡಿ ಖುಷಿಪಟ್ಟೆನೇ ಹೊರತು ಅಕ್ಷರ ನೋಡಲಿಲ್ಲ.

ಭಾನುವಾರ ಹೊಸ ಮನೆ ತಲುಪಿದೆವು. ಲಾರಿಯಿಂದ ಸಾಮಾನು ಇಳಿಸುವವನು ಡಬ್ಬವನ್ನು ತಿರುಗಿಸಿ ಮುರುಗಿಸಿ ಚೀಟಿ ನೋಡಿದ. "ಸಾರ್, ಇದ್ರಲ್ಲಿ ಯಾವ ರೂಮು ಅಂತಾನೇ ಇಲ್ವಲ್ಲ, ಬರೀ ತಾರೀಕಿದೆ." ಎಲ್ಲವನ್ನೂ ನಡುಮನೆಯಲ್ಲಿ ಗುಡ್ಡೆ ಹಾಕಿ ಹೊರಟುಹೋದ.

ಸಹಾಯಕ್ಕೆ ಬಂದಿದ್ದ ನಮ್ಮ ಅತ್ತೆ ಒಂದು ಡಬ್ಬದ ಮೇಲೆ ಕೂತು, ಕನ್ನಡಕ ಏರಿಸಿ ಎದುರಿನ ಚೀಟಿ ಓದಿದರು. "ಅಳಿಯಂದ್ರೇ, ಈ ಗಲಗಲ ಅನ್ನೋ ಪಾತ್ರೆ ಡಬ್ಬ ಏಪ್ರಿಲ್ ಎರಡಕ್ಕೆ ಬಿಚ್ಚೋದು ಅಂತ ಬರೆದಿದೀರಲ್ಲ. ಈಗಿನ್ನೂ ಜನವರಿ. ಅಲ್ಲೀವರೆಗೆ ಊಟಕ್ಕೇನು ಮಾಡೋಣ?"

ಹೋಗಿ ನೋಡಿದೆ. ನಾನು ಬರೆದ ಸಂಖ್ಯೆಗಳನ್ನೆಲ್ಲ ಕಂಪ್ಯೂಟರು ತಾರೀಕು ಎಂದು ತಿಳಿದು ಹಾಗೇ ಬದಲಾಯಿಸಿಬಿಟ್ಟಿತ್ತು. ನಡುಮನೆ ತುಂಬ ಒಂದು ಇಡೀ ಕ್ಯಾಲೆಂಡರು ಚೆಲ್ಲಾಪಿಲ್ಲಿಯಾಗಿ ಬಿದ್ದಿತ್ತು.

"ಆರ್ಡರ್ ಯಾವುದ್ರಲ್ಲಿದೆ?" ಎಂದಳು ಹೆಂಡತಿ. ದನಿ ಬಹಳ ಮೆತ್ತಗಿತ್ತು. ಅವಳ ಮೆತ್ತಗಿನ ದನಿಗೆ ನಾನು ಹೆದರುತ್ತೇನೆ.

"ಹೆದರಬೇಡ. ಪಟ್ಟಿ ಇದೆ" ಎಂದು ಫೋನು ತೆಗೆದೆ. ಮೊದಲ ಡಬ್ಬದಲ್ಲಿ ಇರುವುದು: ಹಳೇ ಪೇಪರ್. ಎರಡನೆಯದರಲ್ಲಿ: ಹಳೇ ಪೇಪರ್. ಮೂರನೆಯದರಲ್ಲೂ ಅದೇ. ಚೌಕಗಳನ್ನು ಸೇರಿಸಿದಾಗ ಮೇಲಿನ ಸಾಲೊಂದೇ ಉಳಿದು ಕೆಳಗಿನದೆಲ್ಲ ಅಳಿಸಿಹೋಗಿತ್ತು. ಶಿಸ್ತಿನ ಮನುಷ್ಯನಾದ ನಾನು ಪ್ರತಿ ಡಬ್ಬದ ತಳಕ್ಕೆ ಹಾಸಿದ ಪೇಪರನ್ನೇ ಮೊದಲು ನಮೂದಿಸಿದ್ದೆ.

ಮುಂದಿನದನ್ನು ವಿವರಿಸಲು ನಾಚಿಕೆಯಾಗುತ್ತದೆ. ಒಂದೊಂದೇ ಡಬ್ಬ ಹರಿದೆವು. ಸೌಟು ಸಿಕ್ಕಿತು, ಮುರಿದ ಗಡಿಯಾರ ಸಿಕ್ಕಿತು, ಆ ಮಾರ್ಕರೂ ಸಿಕ್ಕಿತು. ಆರ್ಡರ್ ಇಲ್ಲ. ಅವಳು ನೆಲದ ಮೇಲೆ ಕೂತು, "ಎಷ್ಟು ವರ್ಷ ಕಾದು ಬಂದ ಬಡ್ತಿ ರೀ ಇದು" ಎಂದಳು. ನನಗೆ ನಿಜವಾಗಿ ಸಂಕಟವಾಯಿತು. ನನ್ನ ಬಣ್ಣಗಳ ಮೇಲೆ ಮೊದಲ ಸಲ ಸಿಟ್ಟು ಬಂತು.

"ಎಲ್ಲಾ ಬಿಚ್ಚಾಯ್ತಾ?" ಎಂದರು ಅತ್ತೆ.

"ಆಯ್ತು ಅತ್ತೆ. ನೀವು ಕೂತಿರೋದೊಂದು ಬಿಟ್ಟು."

"ಇದಾ? ಇದ್ರ ಮೇಲೆ ಮೇ ಮೂರು ಅಂತಿತ್ತು. ಇನ್ನೂ ಟೈಮಿದೆಯಲ್ಲ ಅಂತ ಕೂತೆ."

ಆರ್ಡರ್ ಅದರಲ್ಲಿತ್ತು. ಅತ್ತೆಯ ಭಾರಕ್ಕೆ ಅವಳ ಬಟ್ಟೆಗಳಿಗೆ ಇಸ್ತ್ರಿಯೂ ಆಗಿತ್ತು.

ಹೆಂಡತಿ ಸುಧಾರಿಸಿಕೊಂಡು ನನ್ನ ಫೋನು ಕೇಳಿದಳು. ಪಟ್ಟಿ ನೋಡುತ್ತಾ, "ಮೊದಲು ಕಾಲಂ ಪೂರ್ತಿ ಆರಿಸಿ ಟೆಕ್ಸ್ಟ್ ಅಂತ ಮಾಡ್ಕೋಬೇಕು. ಆಮೇಲೆ ಸಂಖ್ಯೆ ಬರೆದ್ರೆ ತಾರೀಕಾಗಲ್ಲ. ತುಂಬಿರೋ ಸೆಲ್‌ಗಳನ್ನ ಯಾರೂ ಸೇರಿಸಲ್ಲ" ಎಂದಳು.

"ನಿನಗೆ ಇದೆಲ್ಲ ಗೊತ್ತಾ?"

"ಆಫೀಸಲ್ಲಿ ಇಷ್ಟು ವರ್ಷ ನಾನೇನು ಮಾಡ್ತಿದ್ದೆ ಅಂದ್ಕೊಂಡಿದ್ರಿ? ನಾಳೆಯಿಂದ ಗುಮಾಸ್ತರಿಗೆ ಇದನ್ನೇ ಕಲಿಸೋ ಕೆಲಸ."

"ಮತ್ತೆ ಮಾರ್ಕರ್ ಯಾಕೆ ಕೇಳ್ದೆ?"

"ಗೊತ್ತಿರೋದಕ್ಕೇ ಮಾರ್ಕರ್ ಕೇಳಿದ್ದು."

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ ಎಂದು ಅತ್ತೆ ಗೋಡೆಗೆ ಹೇಳಿದರು.

ಸೋಮವಾರ ಸಂಜೆ ಅವಳು ನಗುನಗುತ್ತಾ ಬಂದಳು. ಪಾಠ ಚೆನ್ನಾಗಿ ಆಯಿತಂತೆ. ಉದಾಹರಣೆಗೆ ನನ್ನ ಮಹಾಪಟ್ಟಿಯನ್ನು ದೊಡ್ಡ ಪರದೆಯ ಮೇಲೆ ತೋರಿಸಿದಳಂತೆ. ಗುಮಾಸ್ತರೆಲ್ಲ ಬಹಳ ಮೆಚ್ಚಿ, ಇಂಥ ಇನ್ನಷ್ಟು ಇದ್ದರೆ ತನ್ನಿ ಎಂದು ಕೇಳಿದರಂತೆ.

"ಮುಂದಿನ ವಾರ ಲೆಕ್ಕದ ಸೂತ್ರಗಳ ಪಾಠ" ಎಂದು ಚಪ್ಪಲಿ ಬಿಡುತ್ತಾ ಹೇಳಿದಳು. "ಅದು ನಿಮಗೆ ಬರಲ್ಲ ಅಲ್ವಾ? ಒಳ್ಳೇದಾಯ್ತು. ಒಂದು ಹಾಳೆ ಮಾಡಿಕೊಡಿ."