ಅಲುಗಿದರೇನೇ ನಿಲ್ಲೋದು

ಅವನ ನಿಜವಾದ ಹೆಸರನ್ನು ಪ್ರಯೋಗಾಲಯದವರೆಲ್ಲ ಮರೆತು ಬಹಳ ಕಾಲವಾಗಿತ್ತು. ಕುರ್ಚಿಗೆ ಕೂತರೆ ಸಾಕು, ಬಲಗಾಲು ತಾನಾಗಿ ಕುಣಿಯುತ್ತಿದ್ದುದರಿಂದ ತಕಥೈ ಎಂದೇ ಕರೆಯುತ್ತಿದ್ದರು. ಅವತ್ತು ಬೆಳಿಗ್ಗೆ ಆ ಕುಣಿತಕ್ಕೆ ಪಕ್ಕದ ಮೇಜಿನ ಅಕ್ಕನ ಕಾಫಿ ಲೋಟ ಉರುಳಿ, ಅವಳ ಕಾಗದಗಳೆಲ್ಲ ತೊಯ್ದು ತೊಪ್ಪೆಯಾದವು.

"ಸಂಜೆ ಐದರೊಳಗೆ ಲೆಕ್ಕ ಒಪ್ಪಿಸದಿದ್ರೆ ನಿನ್ನ ಕೆಲಸ ಹೋಗುತ್ತೆ. ನನ್ನದನ್ನೂ ಜೊತೇಲಿ ಕರ್ಕೊಂಡು ಹೋಗ್ತೀಯೇನೋ?" ಎಂದವಳೇ ತನ್ನ ಮಫ್ಲರ್ ತೆಗೆದು ಅವನ ಎರಡೂ ಕಾಲು ಸೇರಿಸಿ ಕಟ್ಟಿದಳು. ಮುಖ್ಯಸ್ಥರು ಬಂದು ನೋಡಿ, "ಇನ್ನೊಂದು ಗಂಟು ಹಾಕಮ್ಮ" ಎಂದು ಹೋದರು.

ಲೆಕ್ಕವಾದರೂ ಎಂಥದ್ದು? ಹೈಡ್ರೋಜನ್ ತುಂಬಿಕೊಂಡ ಹೊಸ ಘನವಸ್ತುವೊಂದು ಕುಸಿಯದೆ ನಿಲ್ಲುತ್ತದೆಯೇ ಎಂಬುದು. ಪರಮಾಣುಗಳು ಅಲುಗುವುದೇ ಇಲ್ಲ ಎಂದುಕೊಂಡು ಲೆಕ್ಕ ಹಾಕಿದಾಗಲೆಲ್ಲ ಅದು ನೆನೆದ ಮಣ್ಣಿನ ಗೋಡೆಯಂತೆ ಕುಸಿಯುತ್ತಿತ್ತು. ಆದರೆ ಹೈಡ್ರೋಜನ್ ಹಗುರ, ಎಷ್ಟು ತಣ್ಣಗೆ ಮಾಡಿದರೂ ಸುಮ್ಮನೆ ಕೂರುವ ಜಾತಿಯಲ್ಲ. ಆ ಅಲುಗಾಟವನ್ನೂ ಸೇರಿಸಿಕೊಂಡು ಅವನ ಕಂಪ್ಯೂಟರ್ ಒಂಬತ್ತು ದಿನದಿಂದ ಗುಂಯ್‌ಗುಡುತ್ತಿತ್ತು.

ಐದಕ್ಕೆ ಇಪ್ಪತ್ತು ನಿಮಿಷ ಇರುವಾಗ ಪರದೆಯ ಮೇಲೆ ಉತ್ತರ ಬಂತು. ತಕಥೈಗೆ ಸಂತೋಷಕ್ಕೆ ಮೈಮೇಲೆ ಪ್ರಜ್ಞೆಯೇ ಇಲ್ಲ. ಕಟ್ಟಿದ ಕಾಲಲ್ಲೇ ಕುಪ್ಪಳಿಸುತ್ತ ಹೊರಟು, ದಾರಿಯಲ್ಲಿ ಎರಡು ಕುರ್ಚಿ, ಒಂದು ಕಸದ ಬುಟ್ಟಿ ಕೆಡವಿ ಮುಖ್ಯಸ್ಥರ ಬಾಗಿಲಿಗೆ ಬಿದ್ದ.

"ನಿಂತಿದೆ ಸರ್! ಅಲುಗದೇ ಇದ್ರೆ ಬೀಳುತ್ತೆ, ಅಲುಗಿದ್ರೇನೇ ನಿಲ್ಲೋದು."

ಮುಖ್ಯಸ್ಥರು ಓಡಿ ಬಂದು ಪರದೆ ನೋಡಿ ಅವನನ್ನು ತಬ್ಬಿಕೊಂಡೇಬಿಟ್ಟರು. "ಇವನ ಕಾಲು ಬಿಚ್ಚಮ್ಮ, ಪಾಪ. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರೆ, ನಾವು ಸುಡೋಕೆ ಹೋಗಿದ್ದೇ ತಪ್ಪು. ಎಷ್ಟು ಬೇಕೋ ಅಷ್ಟು ಕುಣಿಸಪ್ಪ."

ಅಕ್ಕ ಗಂಟು ಬಿಚ್ಚಿದಳು. ಉತ್ತರವನ್ನು ಸೇವ್ ಮಾಡಿ ಕಳಿಸುವುದಷ್ಟೇ ಬಾಕಿ. ತಕಥೈ ಕೂತ. ಬೆಳಗಿನಿಂದ ಸೆರೆಯಲ್ಲಿದ್ದ ಕಾಲು, ಮೇಲಾಗಿ ಮುಖ್ಯಸ್ಥರ ಅಪ್ಪಣೆ ಬೇರೆ ಸಿಕ್ಕಿತ್ತು. ಕುಣಿದ ರಭಸಕ್ಕೆ ಮೇಜಿನಡಿಯ ಪ್ಲಗ್ ಕಿತ್ತು ಬಂತು. ಪರದೆ ಕಪ್ಪಾಯಿತು, ಗುಂಯ್ ಶಬ್ದ ನಿಂತಿತು.

"ಮತ್ತೆ ಎಷ್ಟು ದಿನ?" ಮುಖ್ಯಸ್ಥರ ದನಿ ಬಾವಿಯೊಳಗಿಂದ ಬಂದಂತಿತ್ತು.

"ಒಂಬತ್ತು, ಸರ್."

ಅಕ್ಕ ಮತ್ತೆ ಕಟ್ಟಲು ಮಫ್ಲರ್ ಎತ್ತಿಕೊಂಡಳು.

"ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕ್ತೀಯಾ, ಬಿಡಮ್ಮ," ಎಂದರು ಮುಖ್ಯಸ್ಥರು. "ಒಂಬತ್ತು ದಿನ ಮೇಲಿನವರನ್ನ ನಾನು ಹೇಗೋ ತಡೀತೀನಿ. ಆದ್ರೆ ಇವನು ಕೂರೋ ಹಾಗಿಲ್ಲ, ನಿಂತೇ ಕೆಲಸ ಮಾಡ್ಲಿ." ಹಾಗೆಂದು ಅವನ ಕುರ್ಚಿಯನ್ನು ತಾವೇ ಎತ್ತಿಕೊಂಡು ಹೋದರು.

ತಕಥೈ ಪ್ಲಗ್ ಮತ್ತೆ ಚುಚ್ಚಿ, ಲೆಕ್ಕ ಮೊದಲಿನಿಂದ ಶುರುಮಾಡಿ, ಮೇಜು ಹಿಡಿದು ನಿಂತ. ಹತ್ತು ನಿಮಿಷವಾಗಿತ್ತೋ ಇಲ್ಲವೋ, ಎಡಗಾಲು ಕುಣಿಯಲು ಶುರುಮಾಡಿತು.